ಮಗ್ಗದ ಕುಣಿಯ ಕ್ಲಾಸು

ಕುತುಬುದ್ದೀನ ಸರ್ ಕ್ಲಾಸಿನಲ್ಲಿ ಬೆಂಚು ಇರಲಿಲ್ಲ, ಕುಣಿಗಳಿದ್ದವು. ಬೆಟಗೇರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಜ್ಜನ ಕಾಲದ ಆರು ಮಗ್ಗದ ಕುಣಿ. ನೇಯುವವರು ಅಂಚಿಗೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಮಗ್ಗ ತುಳಿಯುತ್ತಿದ್ದರು. ಐದು ಮಗ್ಗ ನಿಂತುಹೋದ ಮೇಲೆ ನಮ್ಮಪ್ಪ ಅಂದಪ್ಪ ಆ ಕೋಣೆಯನ್ನು ಸರ್‌ಗೆ ಬಾಡಿಗೆಗೆ ಕೊಟ್ಟ. ಕುಣಿ ಮುಚ್ಚಿಸಿ ಕೊಡುತ್ತೇನೆ ಅಂದರೆ ಸರ್ ಬೇಡವೆಂದರು. ಒಂದೊಂದು ಕುಣಿಗೆ ಒಂದೊಂದು ಹಲಗೆ ಅಡ್ಡ ಹಾಕಿ, ಮೂವರಂತೆ ಹುಡುಗರನ್ನು ಕಾಲು ಇಳಿಬಿಟ್ಟು ಕೂಡಿಸಿದರು. ಆರನೆಯದರಲ್ಲಿ ಮಾತ್ರ ನಮ್ಮವ್ವ ರತ್ನವ್ವನ ಮಗ್ಗ ಇನ್ನೂ ನಡೆಯುತ್ತಿತ್ತು.

ಸರ್ ಲಕ್ಷ್ಮೇಶ್ವರದವರು. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. "ನಮ್ಮಪ್ಪ ಹತ್ತಿ ಹಿಂಜತಿದ್ದ, ನಾ ಹುಡುಗರ ತಲಿ ಹಿಂಜತೀನಿ" ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು. ಬೆಳಿಗ್ಗೆ ಆರಕ್ಕೆ ಕ್ಲಾಸು ಶುರು. ಹರ್ತಿ, ಮಲ್ಲಸಮುದ್ರದಿಂದ ಬರುವವರು ಕಣ್ಣಿನ ಪಿಸುರು ತೊಳೆಯದೇ ಮೊದಲ ಬಸ್ಸಿಗೆ ಬಂದಿಳಿಯುತ್ತಿದ್ದರು. ಒಂದು ಕಡೆ ಸರ್ ಫಿಜಿಕ್ಸು, ಇನ್ನೊಂದು ಕಡೆ ಅವ್ವನ ಮಗ್ಗದ ಟಕಟಕ. ಆಂದೋಲನದ ಪಾಠ ಬಂದಾಗ ಸರ್ ಅವ್ವನ ಲಾಳಿಯನ್ನೇ ತೋರಿಸಿ ಕಲಿಸಿದರು. ಆಮೇಲೆ ಹುಬ್ಬಳ್ಳಿ, ಧಾರವಾಡದ ದೊಡ್ಡ ದೊಡ್ಡ ಕೋಚಿಂಗಿನ ಹುಡುಗರನ್ನು ನೋಡಿದ್ದೇನೆ. ನಮ್ಮಷ್ಟು ಮಜಾ ಮಾಡಿ ಓದಿದವರು ಅಲ್ಲಿ ಒಬ್ಬರೂ ಸಿಗಲಿಲ್ಲ.

ರವಿವಾರಕ್ಕೊಮ್ಮೆ ಸಿಇಟಿ ಮಾದರಿ ಪರೀಕ್ಷೆ. ಜೆರಾಕ್ಸ್ ಮಾಡಿಸಿದ ಉತ್ತರದ ಹಾಳೆಯಲ್ಲಿ ಗೋಲ ತುಂಬಬೇಕು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿರಲಿ ಬಿಡಲಿ, ಒಂದನ್ನೂ ಖಾಲಿ ಬಿಡಬಾರದು ಎನ್ನುವುದು ಸರ್ ಕಟ್ಟಪ್ಪಣೆ. ಒಂದು ರವಿವಾರ ಹರ್ತಿಯ ಹೊಳೆಯಪ್ಪ ಹದಿನೇಳನೆಯ ಸಾಲು ಹಾರಿಸಿ, ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಸಾಲು ಜರುಗಿಸಿ ತುಂಬಿದ್ದ. ಅಂಕ ಯಾಕೆ ಬಿದ್ದವೆಂದು ಸರ್ ತಲೆ ಕೆರೆದುಕೊಳ್ಳುತ್ತಿದ್ದಾಗ, ನೀರು ಕುಡಿಯಲು ಎದ್ದ ಅವ್ವ ಹಾಳೆಯನ್ನು ಸುಮ್ಮನೆ ನೋಡಿದಳು.

"ಇಲ್ಲೊಂದು ಎಳಿ ಬಿಟ್ಟೈತಲ್ಲರಿ ಮಾಸ್ತರ್ರ" ಅಂದಳು.

ಅವ್ವ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಮೂವತ್ತು ವರ್ಷ ಸೀರೆಯಲ್ಲಿ ಬಿಟ್ಟುಹೋದ ಎಳೆ ಹುಡುಕಿದ ಕಣ್ಣು ಅವಳದು. ಅಂದಿನಿಂದ ಎಲ್ಲರ ಹಾಳೆಯೂ ಸರ್ ಕೈಗೆ ಹೋಗುವ ಮೊದಲು ಅವ್ವನ ಕೈಗೆ ಹೋಗಬೇಕೆಂದು ಪದ್ಧತಿ ಆಯಿತು. ಮೇಲಿನಿಂದ ಕೆಳಗೆ ಬೆರಳು ಇಳಿಸುವಳು. ಖಾಲಿ ಸಾಲು ಸಿಕ್ಕರೆ ಕಿವಿ ಹಿಂಡುವಳು. ಎಲ್ಲ ಸರಿ ಇದ್ದವರಿಗೆ ಬದನೆಕಾಯಿ ಬಜಿ. ನನ್ನ ಕಿವಿ ಹಿಂಡಲು ಮಾತ್ರ ಅವಳಿಗೆ ಕಾರಣವೇ ಬೇಕಿರಲಿಲ್ಲ.

ನನಗೆ ಡಾಕ್ಟರಾಗುವ ಹುಚ್ಚು. ಮೆಡಿಕಲ್ ಸೀಟಿಗೆ ಅಷ್ಟೊತ್ತಿಗೆ ನೀಟ್ ಬಂದಿತ್ತು. ಅಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಾದರೆ ಒಂದು ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಮುಟ್ಟಬೇಡಿ ಎಂದು ಸರ್ ನೀಟ್ ಬರೆಯುವ ನಾಲ್ವರಿಗೆ ನೂರು ಸಲ ಹೇಳಿದರು. ಅವ್ವನಿಗೂ ಹೇಳಿದರು.

"ಗೊತ್ತಿಲ್ಲಂತ ನಡುವ ಬಿಟ್ಟು ಏಳೂದು ಎಂಥಾ ಕೆಲಸರೀ ಅದು?" ಎಂದಳು ಅವ್ವ.

ಸರ್ ನಕ್ಕುಬಿಟ್ಟರು. ನೀಟ್ ಹಾಳೆಗಳನ್ನು ಅವಳ ಕೈಗೆ ಕೊಡುವುದನ್ನು ಅಂದೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಖಾಲಿ ಸಾಲು ಕಂಡರೆ ಅವ್ವ ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ, ಮುಖ ಗಂಟು ಹಾಕುತ್ತಿದ್ದಳು. ಆ ಮುಖ ನೋಡಲಾಗದೇ ನಾನು ರವಿವಾರಗಳಂದು ಖಾಲಿ ಇದ್ದುದನ್ನೆಲ್ಲ ತುಂಬಿ ತೋರಿಸತೊಡಗಿದೆ. ಸರ್ ಬೈದರೆ ತಪ್ಪಾಯಿತು ಅನ್ನುವುದು, ಮುಂದಿನ ವಾರ ಮತ್ತೆ ಅದೇ.

2018ರ ಮೇ ತಿಂಗಳು. ಹುಬ್ಬಳ್ಳಿಯ ಪರೀಕ್ಷಾ ಕೇಂದ್ರದಲ್ಲಿ ಕೊನೆಯ ಹತ್ತು ನಿಮಿಷಕ್ಕೆ ನನ್ನ ಹಾಳೆಯಲ್ಲಿ ಇಪ್ಪತ್ತೈದು ಸಾಲು ಖಾಲಿ ಇದ್ದವು. ಬಿಟ್ಟು ಕೂಡಬೇಕೆಂದು ಗೊತ್ತಿತ್ತು. ಕೈ ಕೇಳಲಿಲ್ಲ. ಇಪ್ಪತ್ತೈದನ್ನೂ ತುಂಬಿಯೇ ಪೆನ್ನು ಕೆಳಗಿಟ್ಟೆ.

ಏಳು ಅಂಕಕ್ಕೆ ಸೀಟು ತಪ್ಪಿತು. ಸರ್ ತಮ್ಮ ಮನೆಯಲ್ಲಿ ನನ್ನ ಉತ್ತರದ ಹಾಳೆಯನ್ನು ಕಂಪ್ಯೂಟರಿನಲ್ಲಿ ತೆಗೆದು ಒಂದೊಂದೇ ತಾಳೆ ನೋಡಿದರು. ಆ ಇಪ್ಪತ್ತೈದರಲ್ಲಿ ಸರಿಯಾದದ್ದು ಮೂರು, ತಪ್ಪಾದದ್ದು ಇಪ್ಪತ್ತೆರಡು. ಮುಟ್ಟದೇ ಬಿಟ್ಟಿದ್ದರೆ ಹತ್ತು ಅಂಕ ಹೆಚ್ಚು ಇರುತ್ತಿದ್ದವು, ನಾನು ಮೆಡಿಕಲ್ ಓದುತ್ತಿದ್ದೆ.

"ಅವ್ವಗ ಏನಂತ ಹೇಳಲಿರಿ ಸರ?" ಎಂದೆ.

"ಇದನ್ನ ಹೇಳಬ್ಯಾಡವಾ. ತನ್ನಿಂದ ಆತು ಅಂತ ಕೊರಗತಾರ. ಮತ್ತ ಯಾರ ಹಾಳೀನೂ ಮುಟ್ಟಂಗಿಲ್ಲ. ನಾ ಬಂದು ಹೇಳತೀನಿ."

ಮರುದಿನ ಕ್ಲಾಸಿಗೆ ಬಂದವರು ನೇರ ಅವ್ವನ ಮಗ್ಗದ ಮುಂದೆ ನಿಂತರು. "ಅಕ್ಕಾರ, ತಪ್ಪು ನಂದು. ನಿಮ್ಮ ಲಕ್ಷ್ಮೀದೇವಿಗೆ ನಾ ಬರೋಬ್ಬರಿ ಕಲಿಸಲಿಲ್ಲ" ಅಂದರು.

ಮಗ್ಗ ನಿಂತಿತು. ಹದಿನೈದು ಹುಡುಗರು ಕುಣಿಯಲ್ಲಿ ಕಾಲು ಬಿಟ್ಟುಕೊಂಡು ಕೇಳುತ್ತಿದ್ದರು.

"ನನ್ನ ಮಗಳ ಬದುಕಿನ ಮ್ಯಾಲೆ ಕಲತರೇನ್ರಿ ನೀವು ಪಾಠ ಹೇಳೂದು?" ಎಂದು ಶುರು ಮಾಡಿದ ಅವ್ವ ಮುಕ್ಕಾಲು ತಾಸು ಬಿಡಲಿಲ್ಲ. ಸರ್ ತಲೆ ತಗ್ಗಿಸಿ ನಿಂತೇ ಇದ್ದರು. ನಾನು ಬಾಗಿಲಿಗೆ ಆತುಕೊಂಡು ಎಲ್ಲವನ್ನೂ ಕೇಳಿದೆ, ಬಾಯಿ ಬಿಡಲಿಲ್ಲ. ಬೈಗುಳ ನನ್ನ ಮೇಲೆ ಬೀಳಲಿಲ್ಲವಲ್ಲ ಎಂದು ಸಮಾಧಾನ ಕೂಡ ಆಯಿತು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವ್ವ ಅಂದಿನಿಂದ ಹಾಳೆ ಮುಟ್ಟಲಿಲ್ಲ, ಸರ್ ಜೊತೆ ಮಾತೂ ಆಡಲಿಲ್ಲ. ಓಣಿಯಲ್ಲಿ ಸುದ್ದಿ ಹಬ್ಬಿತು, ಹುಡುಗರು ಕಡಿಮೆಯಾದರು. ಕೊರೊನಾ ಬಂದಾಗ ನಿಂತ ಕ್ಲಾಸು ಮತ್ತೆ ಶುರುವಾಗಲಿಲ್ಲ, ಸರ್ ಲಕ್ಷ್ಮೇಶ್ವರಕ್ಕೆ ಹೋಗಿಬಿಟ್ಟರು. ಇನ್ನೊಮ್ಮೆ ನೀಟ್ ಬರೆಯುತ್ತೇನೆಂದು ನಾನು ಕೇಳಿದ್ದೆ. ಅಪ್ಪ ಬೇಡವೆಂದ. ಯಾಕೆಂದು ಕೇಳುವ ಧೈರ್ಯ ಆಗಲಿಲ್ಲ. ಬಿಎಸ್‌ಸಿ, ಎಂಎಸ್‌ಸಿ ಮುಗಿಸಿ ಈಗ ಶಿರಹಟ್ಟಿಯ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತೇನೆ. ಲಾಳಿಯ ಉದಾಹರಣೆಯನ್ನೇ ಕೊಡುತ್ತೇನೆ, ಲಾಳಿ ನೋಡಿದ ಹುಡುಗರೇ ಈಗ ಇಲ್ಲ.

ಹೋದ ತಿಂಗಳು, ಮನೆಯಲ್ಲೇ ನಾಲ್ಕು ಹುಡುಗರಿಗೆ ಸಿಇಟಿ ಪಾಠ ಹೇಳಬೇಕೆಂದಿದ್ದೇನೆ ಅಂದೆ. "ಆ ಮಾಸ್ತರನಂಗ ಮಂದಿ ಮಕ್ಕಳ ಬದುಕು ಕೆಡಸಬ್ಯಾಡ ಮತ್ತ" ಎಂದಳು ಅವ್ವ. ನನಗೆ ಸಿಟ್ಟು ನೆತ್ತಿಗೇರಿತು. ಏಳು ವರ್ಷ ನುಂಗಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವ್ವ ಎದ್ದು ಒಳಗೆ ಹೋದಳು. ಬೆಳಿಗ್ಗೆ ಎದ್ದವಳೇ ಲಕ್ಷ್ಮೇಶ್ವರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಸರ್ ಹೆಂಡತಿ ಬಾನುಬಿ ಬಾಗಿಲು ತೆರೆದರು. ಸರ್ ತಲೆ ಪೂರಾ ಬೆಳ್ಳಗಾಗಿದೆ. ಅವ್ವನನ್ನು ನೋಡಿ ನನ್ನ ಕಡೆ ತಿರುಗಿ, "ಹೇಳೇಬಿಟ್ಟೆಲ್ಲವಾ" ಅಂದರು.

ಅವ್ವ ಕೈಮುಗಿದಳು. "ಅವತ್ತ ನಾ ಅಷ್ಟೆಲ್ಲಾ ಬೈಬಾರದಿತ್ತರಿ ಮಾಸ್ತರ್ರ. ತಪ್ಪಾತು."

"ಅದೇನ ದೊಡ್ಡದಲ್ಲ ಬಿಡ್ರಿ ಅಕ್ಕಾರ. ನೀವು ಕೊರಗಬಾರದಂತ ನಾನ ಹಂಗ ಹೇಳಿದ್ದೆ."

"ಅವತ್ತ ಹೇಳಿದ್ರ ಕೊರಗತಿದ್ನಿ ಖರೆ. ಎಂಟ ದಿನ ಅಳತಿದ್ನಿ. ಆಮ್ಯಾಲೆ ಇಕಿನ್ನ ಕುಂಡ್ರಿಸಿ ಇನ್ನೊಮ್ಮಿ ಬರಿ ಅಂತಿದ್ನಿ" ಎಂದಳು ಅವ್ವ. ಅವಳ ದನಿ ಏರಿರಲಿಲ್ಲ. "ನೀವ ಬಂದು, ಕಲಿಸಿದ್ದ ಬರೋಬ್ಬರಿ ಇಲ್ಲ ಅಂದ್ರಿ. ಕಲಿಸಿದ್ದ ಹಂಗಿದ್ದರ ಮತ್ತ ಬರದು ಏನ ಆಗೂದೈತಿ ಅಂತ ನಾನ ಇಕಿ ಅಪ್ಪಗ ಹೇಳಿ ಬ್ಯಾಡ ಅನಿಸಿದೆ. ಕಲಿಸಿದ್ದು ಚಲೋನ ಇತ್ತು, ಕೆಟ್ಟದ್ದು ಬರೇ ಆ ಖಾಲಿ ಸಾಲು ತುಂಬಿದ್ದಕ್ಕ ಅಂತ ಗೊತ್ತಿದ್ರ ಬಿಡತಿದ್ನೇನ್ರಿ?"

ಬೇಡವೆಂದದ್ದು ಅಪ್ಪನೇ ಎಂದು ಏಳು ವರ್ಷ ನಾನು ತಿಳಿದಿದ್ದೆ. ಬಾನುಬಿ ತಂದಿಟ್ಟ ಚಹಾ ಆರುತ್ತಿತ್ತು. ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು. "ನಾ ಬೈದದ್ದು ವಾಪಸ್ ತಗೊಂಡೀನ್ರಿ. ಇಕಿದು ಹೋದದ್ದ ವಾಪಸ್ ಕೊಡೂದು ಮಾತ್ರ ನನ್ನ ಕೈಲಿಂದಾನೂ ಆಗಂಗಿಲ್ಲ, ನಿಮ್ಮ ಕೈಲಿಂದಾನೂ ಆಗಂಗಿಲ್ಲ" ಅಂದಳು.

ಆ ಮನುಷ್ಯನಷ್ಟು ನನಗೆ ಪ್ರೀತಿಯಿಂದ ಕಲಿಸಿದವರು ಇನ್ನೊಬ್ಬರಿಲ್ಲ. ಅವರ ಮೇಲೆ ಮೊದಲ ಸಲ ಸಿಟ್ಟು ಬಂದದ್ದು ಅವತ್ತೇ, ಅವರ ಮನೆಯ ಪಡಸಾಲೆಯಲ್ಲಿ, ಅವರು ನನ್ನ ಮುಂದೆ ಅಳುತ್ತಿದ್ದಾಗ.