ಆಟೋ ಮೈಕಿನಲ್ಲಿ ತಮ್ಮನ ಹೆಸರು

ತಮ್ಮನ ಹೊಸ ಪಾಪ್ ಹಾಡುಗಳ ಕ್ಯಾಸೆಟ್ ಬಿಡುಗಡೆಯಾದ ದಿನ ಬೆಳಿಗ್ಗೆಯಿಂದಲೇ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವನು ಅಂಗಡಿಗಳಿಗೆ ಕ್ಯಾಸೆಟ್ ಕೊಡಲು ಜೇವರ್ಗಿಗೆ ಹೋಗಿದ್ದ. ಇಲ್ಲಿ ಆಳಂದದಲ್ಲಿ ಪ್ರಚಾರಕ್ಕೆಂದು ಮೈಕಿನ ಆಟೋ ಗೊತ್ತು ಮಾಡಿದ್ದ. ನಮ್ಮೂರಲ್ಲಿ ಯಾರಾದರೂ ಲಿಂಗೈಕ್ಯರಾದರೆ ಓಣಿ ಓಣಿಗೆ ತಿಳಿಸುತ್ತಿದ್ದುದೂ ಅದೇ ಆಟೋ, ಅದೇ ಎಳೆದ ದನಿ.

ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ ದೂರದಿಂದ ತಮ್ಮನ ಹೆಸರು ಕೇಳಿಸಿತು. ಮುಂದಿನ ಮಾತು ಗಾಳಿಗೆ ಹೋಯಿತು. ಪಕ್ಕದ ಮನೆಯಾಕೆ ಸೆರಗು ಹೊದ್ದು ಓಡಿಬಂದಳು.

"ಯಕ್ಕಾ, ನಿಮ್ಮ ತಮ್ಮಗ ಏನಾತ್ರಿ?"

ಅದನ್ನು ಕೇಳಿ ಅವ್ವ ಒಳಗೆ ಅಳತೊಡಗಿದಳು. ನಾನು ಬರಿಗಾಲಲ್ಲೇ ಓಡಿ ಆಟೋ ತಡೆದೆ.

"ಅಣ್ಣಾರ, ಕ್ಯಾಸೆಟ್ ಬಂದದಂತ ನಕ್ಕೋತ ಹೇಳ್ರಿ! ಮನ್ಯಾಗ ಅಳಾಕತ್ತಾರ."

"ನನ್ನ ದನೀನೇ ಹಿಂಗದರಿ ತಾಯಿ," ಎಂದವನು ಮಾತು ಬಿಟ್ಟು ಹಾಡೇ ಹಾಕಿದ. ಓಣಿ ತುಂಬ ಡ್ರಮ್ಮಿನ ಸದ್ದು, ಅದರ ಮೇಲೆ ತಮ್ಮನ ದನಿ.

ಮನೆಗೆ ಬಂದು, "ಕೇಳಬೇ ಯವ್ವಾ, ಹ್ಯಾಂಗ ಹಾಡಾಕತ್ತಾನ," ಎಂದೆ.

"ಕ್ಯಾಸೆಟ್ಟಿನ್ಯಾಗ ಸತ್ತವರೂ ಹಾಡ್ತಾರ," ಎಂದಳು ಅವ್ವ.

ಆ ಮಾತು ನನ್ನೊಳಗೂ ಹೊಕ್ಕಿತು. ಒಲೆ ಹಚ್ಚಿದೆ, ಆರಿಸಿದೆ, ಬಾಗಿಲಿಗೆ ಬಂದೆ, ಮತ್ತೆ ಒಳಗೆ ಹೋದೆ. ಸಂಜೆಯ ಬಸ್ಸು ಆ ದಿನ ತಡವಾಗಲಿಲ್ಲ, ಅದೂ ದೇವರ ದಯೆಯೇ.

ತಮ್ಮ ಒಳಗೆ ಬಂದವನೇ, "ಪ್ರಚಾರ ಹ್ಯಾಂಗಾತು?" ಎಂದು ಕೇಳಿದ.

ಅವ್ವ ಅವನ ಕೆನ್ನೆ ಸವರಿ ನೋಡಿದಳು. "ಊರಿಗೆಲ್ಲ ಗೊತ್ತಾಗೇದ. ಹೋಗಲೇ, ಓಣ್ಯಾಗ ಒಂದು ಸುತ್ತು ಹಾಕಿ ಎಲ್ಲಾರಿಗೂ ನಿನ್ನ ಮಾರಿ ತೋರಿಸಿ ಬಾ."