ಅಮ್ಮನನ್ನು ಕಳಿಸಿಕೊಟ್ಟದ್ದು

ಮೊನ್ನೆ ಕೊಪ್ಪದ ಔಷಧದಂಗಡಿಯಲ್ಲಿ ಗುಲಾಬಿ ಬಣ್ಣದ ಲೋಷನ್ ಬಾಟಲಿಯೊಂದರ ಮುಚ್ಚಳ ಕಳಚಿ ಕೌಂಟರಿನ ಮೇಲೆಲ್ಲ ಚೆಲ್ಲಿತು. ಒದ್ದೆ ಸುಣ್ಣದಂಥ ಆ ತಣ್ಣನೆಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ನಿಂತಲ್ಲಿಂದಲೇ ನರಸಿಂಹರಾಜಪುರದ ಪೇಟೆಬೀದಿಯ ನಮ್ಮ ಬಾಡಿಗೆ ಮನೆಗೆ ಹೋಗಿಬಿಟ್ಟೆ. ನನಗೆ ಆ ವಾಸನೆ ಒಂಟಿಯಾಗಿ ಬರುವುದೇ ಇಲ್ಲ; ಬೆನ್ನಿಗೇ ಬಾಡಿದ ಬೇವಿನ ಸೊಪ್ಪಿನ ಕಹಿ ವಾಸನೆಯೂ ಬರುತ್ತದೆ. ಲೋಷನ್ ಅಪ್ಪನದು, ಬೇವು ಅತ್ತೆಯದು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅತ್ತೆ ಅವನ ಅಕ್ಕ; ನನ್ನ ಅಮ್ಮ ಹೋದ ಮೇಲೆ ಬಾಳೆಹೊನ್ನೂರಿನಿಂದ ಬಂದು ನಮ್ಮ ಮನೆ ಹಿಡಿದು ನಿಲ್ಲಿಸಿದವಳು. ಬೆಳಿಗ್ಗೆ ಅವಳು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತರೆ, ಅಪ್ಪ ಅಲ್ಲೇ ಪಕ್ಕದಲ್ಲಿ ರೇಡಿಯೋ ಹಚ್ಚಿ ಗಡ್ಡ ಕೆರೆಯುತ್ತಿದ್ದ. "ದೇವರಿಗೂ ವಾರ್ತೆ ಕೇಳ್ಲಿ ಬಿಡಕ್ಕಾ" ಅನ್ನುತ್ತಿದ್ದ. "ನಿನ್ನ ತಲೆ" ಅನ್ನುತ್ತಿದ್ದಳು ಅತ್ತೆ, ಕಣ್ಣು ತೆರೆಯದೆ. ಎಂಥ ಮನೆ ಅಂತೀರಿ! ಜಗಳವೂ ಅಲ್ಲ, ರಾಜಿಯೂ ಅಲ್ಲ. ಇಬ್ಬರಿಗೂ ಕಾಫಿ ಮಾತ್ರ ಒಂದೇ ಪಾತ್ರೆಯಲ್ಲಿ ಕುದಿಯುತ್ತಿತ್ತು.

ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನಾನು ಒಂದನೇ ಕ್ಲಾಸು. ಜ್ವರ ಬಂತು, ಮಾರನೆಯ ದಿನ ಮೈಮೇಲೆಲ್ಲ ನೀರುಗುಳ್ಳೆ ಎದ್ದವು. ಅತ್ತೆ ನನ್ನ ಅಂಗಿ ಎತ್ತಿ ನೋಡಿದಳು, ಕೆನ್ನೆ ಬಡಿದುಕೊಂಡು ಕೈಮುಗಿದಳು, ಒಳಗಿದ್ದ ಅಪ್ಪನಿಗೆ ಕೂಗಿ ಹೇಳಿದಳು: "ಮನೆಗೆ ಅಮ್ಮ ಬಂದಿದಾಳೆ ಮಾರಾಯ. ಇನ್ನು ಒಗ್ಗರಣೆ ಹಾಕೋ ಹಾಗಿಲ್ಲ." ಸಿಡುಬಿನಂಥ ಕಾಯಿಲೆಗೆ ನಮ್ಮ ಜನ ಕಾಯಿಲೆ ಅನ್ನುವುದಿಲ್ಲ. ಅದು ದೇವಿ, ಮನೆಗೆ ಬಂದ ಅತಿಥಿ, ಅಮ್ಮ. ದೊಡ್ಡವರಿಗೆಲ್ಲ ಇದು ಗೊತ್ತು. ನನಗೆ ಯಾರು ಹೇಳಿದ್ದರು? ನನಗೆ ಗೊತ್ತಿದ್ದದ್ದು ಒಬ್ಬಳೇ ಅಮ್ಮ. ಆ ಜ್ವರದಲ್ಲೂ ಎದ್ದು ಕೂತು ಬಾಗಿಲ ಕಡೆ ನೋಡಿದೆ.

ಅಪ್ಪ ಡಾಕ್ಟರನ್ನು ಕರೆತಂದ, ಇದು ವೈರಸ್ಸು ಎಂದ, ಲೋಷನ್ ಹಚ್ಚಿದ. ಅತ್ತೆಗೆ ಬೇವು ಬೇಕಿತ್ತು. ನಮ್ಮ ಕಡೆ ಬೇವಿನ ಮರ ಅಪರೂಪ. "ಬೇವಿಗೆ ವೈರಸ್ ಸಾಯಲ್ಲಕ್ಕಾ" ಎಂದು ಗೊಣಗುತ್ತಲೇ ಅಪ್ಪ ತರೀಕೆರೆ ಬಸ್ಸಿನವರಿಗೆ ಹೇಳಿ ಒಂದು ಹೊರೆ ತರಿಸಿದ. "ಸಾಯಿಸೋಕೆ ಯಾರಂದ್ರು? ಮಗೂಗೆ ತಂಪಾಗ್ಲಿ" ಎಂದಳು ಅತ್ತೆ. ನನಗೆ ಆ ದಿನಗಳು ಹಬ್ಬವೇ. ಬಿಳಿ ಪಂಚೆಯ ಹಾಸಿಗೆ, ಎಳನೀರು, ಯಾರ ಬೈಗುಳವೂ ಇಲ್ಲ. ಸರಿಬೀಳದ ಸಂಗತಿ ಒಂದೇ: ಬಂದವಳು ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಫಾತಿಮಕ್ಕ, ಬಳೆ ಅಂಗಡಿಯವರು, ನೋಡಲು ಬಂದಾಗ ಅವರ ಕಿವಿಯಲ್ಲಿ ಕೇಳಿದೆ, ಅಮ್ಮ ಎಲ್ಲಿ ಅಂತ. ಅವರು ನನ್ನ ತೋಳಿನ ಗುಳ್ಳೆ ಮುಟ್ಟಿ, "ಇಲ್ಲೇ ಇದಾರಲ್ಲ ಕೂಸೇ, ನಿನ್ನ ಮೈಮೇಲೆ" ಎಂದರು. ಆಯಿತು, ಲೆಕ್ಕ ಹತ್ತಿತು. ಗುಳ್ಳೆ ಇರುವಷ್ಟು ದಿನ ಅಮ್ಮ ಇರುತ್ತಾಳೆ. ಆಮೇಲೆ ಅತ್ತೆ ಯಾರಿಗೋ, ಎಲ್ಲ ಒಣಗಿತು, ಇನ್ನು ಅಮ್ಮ ಹೊರಟಳು ಅನ್ನುವುದು ಕಿವಿಗೆ ಬಿತ್ತು. ಅವತ್ತಿನಿಂದ ಹೊದಿಕೆಯೊಳಗೆ ಕೈಹಾಕಿ ಹಕ್ಕಳೆ ಕೀಳತೊಡಗಿದೆ.

ಕೀವಾಯಿತು. ಹೋದ ಜ್ವರ ಇಮ್ಮಡಿಯಾಗಿ ತಿರುಗಿ ಬಂತು. ಡಾಕ್ಟರು ಇಂಜೆಕ್ಷನ್ ಕೊಟ್ಟು, "ಇನ್ನೂ ಕೆರ್ಕೊಂಡ್ರೆ ಶಿವಮೊಗ್ಗಕ್ಕೆ ಸೇರಿಸಬೇಕಾಗುತ್ತೆ ಮೇಷ್ಟ್ರೇ" ಎಂದರು. ಶಿವಮೊಗ್ಗ ಅಂದರೆ ನಮ್ಮ ಮನೆಯಲ್ಲಿ ಅಮ್ಮ ಹೋಗಿ ಹಿಂದಿರುಗದ ಊರು. ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡು ಕೂತ. "ಯಾಕೆ ಮಗಾ ಕೀಳ್ತೀಯ?" ಎಂದ. "ಒಣಗಿದ್ರೆ ಅಮ್ಮ ಹೋಗ್ತಾಳೆ" ಎಂದೆ. ಗಂಜಿ ಹಿಡಿದು ಬರುತ್ತಿದ್ದ ಅತ್ತೆ ಹೊಸಿಲಲ್ಲೇ ಕುಸಿದಳು. "ಅಯ್ಯೋ ಶಿವನೇ, ನನ್ನ ಬಾಯಿಗಿಷ್ಟು ಮಣ್ಣು ಹಾಕ" ಎಂದು ಸೆರಗು ಬಾಯಿಗೆ ತುರುಕಿಕೊಂಡಳು. ಅಪ್ಪ ಏನಾದರೂ ಕಥೆ ಹೇಳಿ ನನ್ನನ್ನು ಸುಮ್ಮನಾಗಿಸಬಹುದಿತ್ತು. ಅಲ್ಲಿಯವರೆಗೆ ಎಲ್ಲರೂ ಅದನ್ನೇ ಮಾಡಿದ್ದರು. ಊರಿಗೆ ಹೋಗಿದಾಳೆ, ದೇವರ ಹತ್ತಿರ ಇದಾಳೆ, ಬರ್ತಾಳೆ. ಮಣ್ಣು ಮಾಡಿದ ದಿನವೂ ನನ್ನನ್ನು ಫಾತಿಮಕ್ಕನ ಮನೆಯಲ್ಲಿ ಬಿಟ್ಟಿದ್ದರು. ಅಪ್ಪ ಹೇಳಿದ: "ಆ ಅಮ್ಮ ಬೇರೆ ಮಗಾ. ನಿನ್ನ ಅಮ್ಮ ಸತ್ತುಹೋದ್ಲು. ಅವಳು ಬರಲ್ಲ." ನಾನು ಅವನ ಎದೆಗೆ ಗುದ್ದಿ ಗುದ್ದಿ ಅಳತೊಡಗಿದೆ. ಅವನು ಕೈ ಬಿಡಲಿಲ್ಲ.

ಈಗ ನಾನೂ ಜೀವಶಾಸ್ತ್ರ ಹೇಳಿಕೊಡುತ್ತೇನೆ. "ಸೈನ್ಸ್ ಓದಿದವರು ದೇವರನ್ನ ನಂಬಬಹುದಾ ಮೇಡಂ?" ಎಂದು ಮಕ್ಕಳು ಕೆಣಕುತ್ತಾರೆ. ಅದನ್ನು ಆ ಪೇಟೆಬೀದಿಯ ಮನೆಯಲ್ಲೇ ಕೇಳಬೇಕು ಮಾರಾಯ್ರೆ. ಆ ಮನೆಯೂ ಇಲ್ಲ, ಅಲ್ಲೀಗ ಮೊಬೈಲ್ ಅಂಗಡಿ. ಅತ್ತೆ ಹೋದಳು, ಅವಳ ಹಿಂದೆಯೇ ಅಪ್ಪನೂ ಹೋದ. ಕೇಳೋಣವೆಂದರೆ ಯಾರಿದ್ದಾರೆ? ನನಗೆ ನೆನಪಿರುವುದು ನಾನು ಗುಣವಾದ ಮೇಲಿನ ಒಂದು ಸಂಜೆ ಮಾತ್ರ.

ಮೈಗೆ ನೀರು ಹಾಕಿ ಅಮ್ಮನನ್ನು ಕಳಿಸಿಕೊಡುವ ಶಾಸ್ತ್ರವೊಂದು ಉಳಿದಿತ್ತು. ಅಷ್ಟೆಲ್ಲ ಆದ ಮೇಲೆ ಅತ್ತೆಗೆ ಅದರ ಮಾತೆತ್ತಲೂ ಭಯ. ಅಪ್ಪನೇ ಹೇಳಿದ: "ಶಾಸ್ತ್ರ ಮಾಡಕ್ಕಾ. ಇವಳೂ ಬರ್ಲಿ. ಅವತ್ತು ಮಣ್ಣಿಗೆ ಕರ್ಕೊಂಡು ಹೋಗಲಿಲ್ಲ." "ನಿಂಗೆ ನಂಬಿಕೆ ಇಲ್ಲಲ್ಲೋ" ಎಂದಳು ಅತ್ತೆ. "ಇಲ್ಲ. ಮಾಡು" ಎಂದ. ಫಾತಿಮಕ್ಕ ಹಸಿರು ಬಳೆ ಕೊಟ್ಟರು. ಮೊರದಲ್ಲಿ ಮೊಸರನ್ನ, ಬಳೆ, ಕುಂಕುಮ ಇಟ್ಟುಕೊಂಡು ಊರಾಚೆಯ ಆಲದ ಮರದ ಬುಡಕ್ಕೆ ಹೋದೆವು. ದಾರಿಯಲ್ಲಿ ಅತ್ತೆ ಕಲಿಸಿದಳು: ಯಾರನ್ನು ಕಳಿಸುವಾಗಲೂ ನಾವು ಹೋಗಿ ಬಾ ಅನ್ನುತ್ತೇವೆ, ಈ ಅಮ್ಮನಿಗೆ ಮಾತ್ರ ಹಾಗನ್ನಬಾರದು, ಅಂದರೆ ಮತ್ತೆ ಬರುತ್ತಾಳೆ, ಬರೀ ಹೋಗು ಅನ್ನಬೇಕು. ಮೊರ ಇಳಿಸಿದಳು. ನಾನು ಕೈಮುಗಿದು, ಸರಿಯಾಗಿಯೇ ಹೇಳಿದೆ. "ಹೋಗು ಅಮ್ಮ."

ಯಾವ ದೇವರ ಮುಂದೆಯೂ ತುಟಿ ಅಲುಗಿಸದ ಅಪ್ಪ ಆ ಮೊರವನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಮೆಲ್ಲಗೆ ಹೇಳಿದ: "ಹೋಗಿ ಬಾ."

ಅತ್ತೆಗೆ ಅದು ಕೇಳಿಸಿತು. ಅವಳು ತಿದ್ದಲಿಲ್ಲ.