ಸೂಡು ಕೋಟು

ಮನುಷ್ಯ ಬೆಂಕಿಯನ್ನು ಪಳಗಿಸಿದ ದಿನ ನಾಗರಿಕತೆ ಹುಟ್ಟಿತು ಎಂದು ತಿಳಿದವರು ಹೇಳುತ್ತಾರೆ. ಅದೇ ಬೆಂಕಿಯನ್ನು ಅಂಗಿಯೊಳಗೆ ತುಂಬಿಕೊಂಡು ಬೈಕು ಹತ್ತಬಹುದೆಂದು ನಾನು ಕಂಡುಕೊಂಡ ದಿನ, ನಮ್ಮ ಮನೆಯ ಮಟ್ಟಿಗೆ ಆ ನಾಗರಿಕತೆ ಸತ್ತಿತು.

ಇವತ್ತು ಬೆಳಿಗ್ಗೆ ಬೀರು ತೆಗೆದು ಆ ಕೋಟನ್ನು ಹೊರಗೆಳೆದೆ. ಮೊದಲು ಮೂಗಿಗೆ ಬಂದದ್ದು ಹರಳೆಣ್ಣೆಯ ವಾಸನೆ. ಬ್ಯಾಟರಿ ಕಳಚಿ, ಕೈಯಲ್ಲೇ ಒಗೆದು, ಹಿಂಡದೆ ನೆರಳಿನಲ್ಲಿ ಒಣಗಿಸಬೇಕು ಎಂದು ಅದರ ಜೊತೆ ಬಂದ ಚೀಟಿ ಹೇಳುತ್ತದೆ. ಹಾಗೆಯೇ ಎಷ್ಟೋ ಸಲ ಮಾಡಿದ್ದೇನೆ. ಕೊರಳುಪಟ್ಟಿಯ ಹರಳೆಣ್ಣೆ ಮಾತ್ರ, ಮನೆ ಖಾಲಿ ಮಾಡದ ಬಾಡಿಗೆದಾರನಂತೆ ಅಲ್ಲೇ ಕೂತಿದೆ. ಅದು ಅಲ್ಲಿಗೆ ಹೇಗೆ ಬಂತೆಂದು ಹೇಳಬೇಕಾದರೆ ನಿಮಗೆ ಸ್ವಲ್ಪ ಭೂಗೋಳವನ್ನೂ ಸ್ವಲ್ಪ ವೈದ್ಯಶಾಸ್ತ್ರವನ್ನೂ ಹೇಳಬೇಕು.

ಭೂಗೋಳ ಸುಲಭ. ನಮ್ಮ ಬೋಡಿನಾಯಕನೂರು ಬೆಟ್ಟದ ಬುಡದಲ್ಲಿದೆ, ನನ್ನ ಏಲಕ್ಕಿ ತೋಟ ಬೆಟ್ಟದ ನೆತ್ತಿಯಲ್ಲಿದೆ. ಮಾರ್ಗಳಿ, ಅಂದರೆ ನಿಮ್ಮ ಧನುರ್ಮಾಸದ ಬೆಳಗಿನಲ್ಲಿ ಕೆಳಗೆ ಒಂದು ಅಂಗಿ ಸಾಕು. ತಿರುವು ತಿರುವಾಗಿ ಘಾಟಿ ಏರಿ ಬೋಡಿಮೆಟ್ಟು ತಲುಪುವಷ್ಟರಲ್ಲಿ ಬೆರಳುಗಳು ನನ್ನವೋ ಪಕ್ಕದ ಮನೆಯವರವೋ ಎಂಬ ಅನುಮಾನ ಹುಟ್ಟುತ್ತದೆ. ಕಾಯಿ ಬಿಡಿಸುವ ಹೆಂಗಸರು ಬರುವುದರೊಳಗೆ ನಾನು ಅಲ್ಲಿರಬೇಕು. ಹೀಗೆ ಬೈಕಿನಲ್ಲಿ ಹೋಗಿ ಹೋಗಿ ಒಂದು ವರ್ಷ ಎದೆ ಕಟ್ಟಿಕೊಂಡು, ತಿಂಗಳುಗಟ್ಟಲೆ ಕೆಮ್ಮಿದೆ. ಆಗ ನನ್ನ ಹೆಂಡತಿ ಒಂದು ತೀರ್ಪು ಕೊಟ್ಟಳು.

"ಮಾಮಾ, ಮುಂದಿನ ಮಾರ್ಗಳಿಲಿ ಒಂದು ತುಮ್ಮಲ್ ಬರ್ಲಿ, ಒಂದೇ ಒಂದು ಸೀನು. ಅವತ್ತಿಂದ ನೀವು ಅಣ್ಣನ ಜೀಪು."

ಅಣ್ಣ ಎಂದರೆ ಅವಳ ಅಣ್ಣ, ನನಗೆ ಮಚ್ಚಾನ್. ಅವರ ತೋಟವೂ ನನ್ನದರ ಪಕ್ಕದಲ್ಲೇ ಇದೆ. ಒಳ್ಳೆಯ ಮನುಷ್ಯ, ಒಳ್ಳೆಯ ಜೀಪು. ಆದರೆ ಅವರಿಗೆ ಒಮ್ಮೆ ಕಿಡ್ನಿಯಲ್ಲಿ ಕಲ್ಲು ಬಂದಿತ್ತು. ಆ ಕಲ್ಲಿನ ಚರಿತ್ರೆಯನ್ನು ಅವರು ಘಾಟಿಯ ಬುಡದಲ್ಲಿ ಶುರುಮಾಡಿದರೆ, ಒಂದೊಂದು ತಿರುವಿಗೂ ಕಲ್ಲು ನೂಲಿನಷ್ಟು ಕೆಳಗಿಳಿಯುತ್ತದೆ. ಬೋಡಿಮೆಟ್ಟು ತಲುಪಿದರೂ ಹೊರಗೆ ಬರುವುದಿಲ್ಲ. ಉಳಿದದ್ದು ಇಳಿಯುವಾಗ. ಬೈಕು ನನಗೆ ವಾಹನವಾಗಿರಲಿಲ್ಲ, ವ್ರತವಾಗಿತ್ತು. ಹೆಲ್ಮೆಟ್ಟಿನೊಳಗಿನ ಆ ಮೌನವನ್ನು ಉಳಿಸಿಕೊಳ್ಳಲು ನಾನು ವಿಜ್ಞಾನದ ಮೊರೆಹೋದೆ.

ಕರೆಂಟಿನಿಂದ ಬಿಸಿಯಾಗುವ ಕೋಟುಗಳಲ್ಲಿ ಎರಡು ಜಾತಿ. ಒಂದು ಬೈಕಿನ ಬ್ಯಾಟರಿಗೇ ವೈರು ಸಿಕ್ಕಿಸಿಕೊಂಡು ಬದುಕುತ್ತದೆ. ಇನ್ನೊಂದು ತನ್ನ ಬ್ಯಾಟರಿಯನ್ನು ತಾನೇ ಜೇಬಿನಲ್ಲಿಟ್ಟುಕೊಂಡು ಬರುತ್ತದೆ. ಮೊದಲನೆಯದರಲ್ಲಿ ಬಿಸಿ ಹೆಚ್ಚು, ಮುಗಿಯುವ ಭಯವಿಲ್ಲ. ಆದರೆ ನನ್ನದು ಹಳೆಯ ಸಣ್ಣ ಬೈಕು. ಹಾರ್ನ್ ಒತ್ತಿದರೆ ಹೆಡ್‌ಲೈಟು ತಲೆ ತಗ್ಗಿಸುತ್ತದೆ. ಅಂಥ ಸಂಸಾರಕ್ಕೆ ಇನ್ನೊಂದು ಹೊಟ್ಟೆಯನ್ನು ಸೇರಿಸುವುದು ಧರ್ಮವಲ್ಲವೆಂದು ಎರಡನೆಯದನ್ನೇ ತರಿಸಿದೆ. ಜೊತೆಗೆ ಅಂಥದೇ ಒಂದು ಜೊತೆ ಕೈಗವಸು.

ಬಟ್ಟೆ ಯಾವತ್ತೂ ಒಂದು ಅಳತೆ ದೊಡ್ಡದಿರಬೇಕು ಎಂಬುದು ನನ್ನನ್ನು ಬೆಳೆಸಿದವರ ಸಿದ್ಧಾಂತ. ಅದೇ ಪ್ರಕಾರ ತರಿಸಿದ ಮೊದಲ ಕೋಟು ನನ್ನನ್ನು ಬಿಟ್ಟು ನನ್ನ ಸುತ್ತಲಿನ ಗಾಳಿಯನ್ನು ಶ್ರದ್ಧೆಯಿಂದ ಬಿಸಿಮಾಡಿತು. ಈ ಕೋಟು ಮೈಗೆ ಅಂಟಿಕೊಂಡಿರಬೇಕು. ಒಳಗೆ ತೆಳ್ಳನೆಯ ತುಂಬುತೋಳಿನ ಹತ್ತಿ ಬನಿಯನ್, ಮೇಲೆ ಗಾಳಿ ನುಗ್ಗದ ಇನ್ನೊಂದು ಜಾಕೆಟ್ಟು, ನಡುವೆ ಇದು. ಕೋಟನ್ನು ವಾಪಸು ಕಳಿಸಿ, ಸಣ್ಣ ಅಳತೆಯದನ್ನು ತರಿಸಿ ಹಾಕಿಕೊಂಡು ಕನ್ನಡಿ ನೋಡಿದೆ. ಏಲಕ್ಕಿ ಮೂಟೆಯೊಂದಕ್ಕೆ ಮೀಸೆ ಬರೆದಂತೆ ಕಾಣುತ್ತಿದ್ದೆ. ಎದೆಯ ಮೇಲೊಂದು ಗುಂಡಿ. ಒತ್ತಿದರೆ ಕೆಂಪು, ಅದು ಉರಿಬೇಸಿಗೆ. ಮತ್ತೆ ಒತ್ತಿದರೆ ಬಿಳಿ, ಮತ್ತೊಮ್ಮೆ ಒತ್ತಿದರೆ ನೀಲಿ. ತೊಟ್ಟ ಕೂಡಲೇ ಕೆಂಪು, ಮೈ ಕಾದ ಮೇಲೆ ನೀಲಿ. ಅದೂ ಊರಲ್ಲೇ ಹಾಕಿಕೊಂಡು ಹೊರಟರೆ ಬೆವರಿ, ಆ ಬೆವರೇ ಮೇಲೆ ಹೋಗಿ ಹಿಮವಾಗುತ್ತದೆ. ಅರ್ಧ ಘಾಟಿಯಲ್ಲಿ ನಿಲ್ಲಿಸಿ ತೊಡಬೇಕು. ಇಷ್ಟನ್ನೂ ಕಲಿತೆ. ವಿಜ್ಞಾನ ನನ್ನನ್ನು ಕೈಬಿಡಲಿಲ್ಲ. ಕೈಬಿಟ್ಟದ್ದು ಭಾಷೆ.

ಈಗ ವೈದ್ಯಶಾಸ್ತ್ರ. ನಿಮ್ಮ ಕಡೆ ಸೂಡು ಎಂದರೆ ಹುಲ್ಲಿನ ಕಟ್ಟಂತೆ. ನೂರಾರು ವರ್ಷ ತಮಿಳಿನ ನಡುವೆ ಬದುಕಿದ ನಮ್ಮ ಮನೆಗನ್ನಡದಲ್ಲಿ ಸೂಡು ಎಂದರೆ ಕಾವು. ಆದರೆ ಎಲ್ಲ ಕಾವೂ ಸೂಡಲ್ಲ. ನೀರು ಬಿಸಿ, ಅನ್ನ ಬಿಸಿ. ಮೈಯೊಳಗೆ ಸೇರಿದ್ದು ಮಾತ್ರ ಸೂಡು. ಬಿಸಿ ಸುಖ, ಸೂಡು ರೋಗ. ಕಣ್ಣು ಉರಿದರೆ ಸೂಡು, ಕೂದಲು ಉದುರಿದರೆ ಸೂಡು, ಸಾಲ ಕೇಳಲು ಬಂದವನ ಮೇಲೆ ರೇಗಿದರೂ ಸೂಡು. ಈ ಶಾಸ್ತ್ರದಲ್ಲಿ ನಮ್ಮ ಬೀದಿಗೇ ಪ್ರಮಾಣವಾಗಿರುವವಳು ಪಕ್ಕದ ಮನೆಯಲ್ಲಿರುವ ನನ್ನ ಅಕ್ಕ. ಅಮ್ಮ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ನಾನಿನ್ನೂ ಅಲ್ಲಿಂದ ಇಳಿದಿಲ್ಲವೆಂಬುದು ಅವಳ ಅಭಿಪ್ರಾಯ.

"ಏನ್ ತಂಬಿ ಅದು, ಮೂಟೆ ಮಾದ್ರಿ?" ಎಂದು ಅವಳು ಜಗಲಿಯಿಂದ ಕೇಳಿದಳು.

ಬಿಸಿ ಕೋಟು ಎನ್ನಬೇಕಿತ್ತು. ನಾಲಗೆಗೆ ವಿಧಿ ಬಂದು ಕೂತಿತು. "ಸೂಡು ಕೋಟು ಅಕ್ಕಾ," ಎಂದೆ.

"ಸೂಡಾ?" ಅವಳು ಎದ್ದೇ ಬಂದಳು. "ಊರೇ ಸೂಡು ಇಳ್ಸಾಕೆ ತಲೆಗೆ ಎಣ್ಣೆ ಇಟ್ಕಂಡು ಕುಂತೈತೆ, ನೀನು ಕಾಸು ಕೊಟ್ಟು ಸೂಡು ತಕ್ಕಂಡು ಬಂದಿಯಾ? ಮೈಯಾಗ ಇರಾದು ಸಾಲ್ದಾ?"

"ಚಳಿಗೆ ಅಕ್ಕಾ, ಬೆಟ್ಟದ ಮ್ಯಾಲೆ..."

"ಚಳಿ ಬೆಟ್ಟದಾಗೆ ಇರ್ತದೆ, ಅಲ್ಲೇ ಇರ್ಲಿ. ಸೂಡು ಒಳಗೆ ಹೋಯ್ತು ಅಂದ್ರೆ ಮನೆಗೇ ಬತ್ತದೆ."

ಕೋಟನ್ನು ಅವಳು ನಿಷೇಧಿಸಲಿಲ್ಲ. ನಿಷೇಧಿಸುವುದು ಸಣ್ಣವರ ಕೆಲಸ. ಅವಳು ಪರಿಹಾರ ಮಾಡಿದಳು. ಮಾರನೆಯ ಬೆಳಿಗ್ಗೆ ಬೈಕು ಹೊರತೆಗೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಹರಳೆಣ್ಣೆ ಬಟ್ಟಲು, ಇನ್ನೊಂದರಲ್ಲಿ ಒಂದು ಚೊಂಬು ಮೋರು, ಅಂದರೆ ಮಜ್ಜಿಗೆ, ರಾತ್ರಿಯಿಡೀ ಮೆಂತ್ಯ ನೆನೆಸಿದ್ದು. ನೆತ್ತಿಗೆ ಎಣ್ಣೆ ತಟ್ಟಿದಳು. ಅದು ಕತ್ತಿನ ಗುಂಟ ಇಳಿದು, ಅರ್ಧ ಘಾಟಿಯಲ್ಲಿ ತೊಟ್ಟ ಕೋಟಿನ ಕೊರಳುಪಟ್ಟಿಯಲ್ಲಿ ಶಾಶ್ವತ ನೆಲೆ ಕಂಡಿತು. ಚೊಂಬನ್ನು ಕಂಠಪೂರ್ತಿ ಕುಡಿಸಿದಳು.

ಅಲ್ಲಿಂದ ದಿನಾ ಇದೇ. ಹೊರಗೆ ಕೆಂಪು ಗುಂಡಿ, ಒಳಗೆ ಮೆಂತ್ಯದ ಮಜ್ಜಿಗೆ, ಮೇಲೆ ಹೆಲ್ಮೆಟ್ಟಿನಡಿ ತಣ್ಣಗೆ ಜಿನುಗುವ ಹರಳೆಣ್ಣೆ. ವಿಜ್ಞಾನವೂ ಅಕ್ಕನೂ ನನ್ನ ದೇಹವೆಂಬ ರಣರಂಗದಲ್ಲಿ ಹೋರಾಡಿದರು. ಯಾರು ಗೆದ್ದರೆಂದು ನೀವು ಊಹಿಸಿರುತ್ತೀರಿ. ಬ್ಯಾಟರಿ ಎರಡು ಗಂಟೆ ಬರುತ್ತದೆ. ಅಕ್ಕನಿಗೆ ಚಾರ್ಜು ಬೇಕಿಲ್ಲ.

ಒಂದು ಮಧ್ಯಾಹ್ನ ರಸಂ ಬಡಿಸುತ್ತಿದ್ದ ಹೆಂಡತಿಯ ಮುಂದೆಯೇ ಸೀನಿದೆ. ತಡೆಯಲು ಮಾಡಿದ ಪ್ರಯತ್ನದಿಂದ ಅದು ಇನ್ನಷ್ಟು ಭವ್ಯವಾಗಿ ಹೊರಬಂತು.

ಅವಳು ಸೌಟನ್ನು ಕೆಳಗಿಟ್ಟಳು. "ಹೂಂ?"

ನನ್ನ ವಾದ ಕಬ್ಬಿಣದಂತೆ ಗಟ್ಟಿಯಾಗಿತ್ತು. ಬೈಕಿನಿಂದಲ್ಲ, ಮಜ್ಜಿಗೆಯಿಂದ ಎಂದರೆ ಮುಗಿಯಿತು. ಆದರೆ ಅಕ್ಕ ಅಲ್ಲೇ ಕಂಬಕ್ಕೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಪಾಪ, ಸೂಡು ಇನ್ನೂ ಇಳಿದಿಲ್ಲ ನೋಡು," ಎಂದು ನನ್ನ ಹಣೆ ಮುಟ್ಟಿದಳು. ಆ ಕೈಯ ಕೆಳಗೆ ಕೂತು ಅವಳ ಮಜ್ಜಿಗೆಯ ಮೇಲೆ ದೂರು ಹೇಳುವವನು ಬೇರೆ ಯಾರಾದರೂ ಇರಬೇಕು. ನಾನು ಅನ್ನಕ್ಕೆ ರಸಂ ಕಲಸಿದೆ. "ಬೈಕಿನ ಗಾಳಿ," ಎಂದೆ.

ಹೆಂಡತಿ ನನ್ನನ್ನು ಕೊಂಚ ಹೊತ್ತು ನೋಡಿ, ಅಣ್ಣನಿಗೆ ಫೋನು ಮಾಡಿದಳು.

ಜೀಪಿನಲ್ಲಿ ಏನಾಯಿತೆಂದು ವಿವರಿಸುವುದಿಲ್ಲ. ಕಲ್ಲು ಮೊದಲಿದ್ದಲ್ಲೇ ಇತ್ತು. "ಮಾಪ್ಳೆ, ಸ್ಕ್ಯಾನಲ್ಲಿ ಅದು ಕಡ್ಲೆಕಾಳು ಮಾದ್ರಿ ಹೊಳೀತಿತ್ತು," ಎಂದು ಮಚ್ಚಾನ್ ಮೊದಲನೇ ತಿರುವಿನಲ್ಲಿ ಆರಂಭಿಸಿದರೆ ನಾನು ಕಣಿವೆಯ ಆಳವನ್ನು ಹೊಸ ಆಸಕ್ತಿಯಿಂದ ನೋಡುತ್ತಿದ್ದೆ.

ಆದರೆ ಅಕ್ಕನ ಪರಿಹಾರ ನಿಲ್ಲಲಿಲ್ಲ. ನನ್ನೊಳಗೆ ಸೇರಿದ್ದ ಸೂಡು ಇಳಿಯಬೇಕಲ್ಲ. ದಿನಾ ಬೆಳಿಗ್ಗೆ ಚೊಂಬು ಜೀಪಿನ ಬಳಿಗೇ ಬರುತ್ತಿತ್ತು. ಒಬ್ಬನಿಗೆ ಕೊಟ್ಟು ಇನ್ನೊಬ್ಬನನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಸಂಬಂಧಿಕರ ಮನೆಯ ಹಿರಿಯಳು ಕೊಟ್ಟದ್ದನ್ನು ಬೇಡವೆನ್ನುವ ಪದ್ಧತಿಯೂ ಇಲ್ಲ. ಮಚ್ಚಾನ್ ಮರ್ಯಾದೆಯಿಂದ ಕುಡಿದರು. ವಾರ ಕಳೆಯುವುದರೊಳಗೆ ಅವರ ಗಂಟಲು ಕಟ್ಟಿತು. ಎರಡು ಬೆಳಗು ಘಾಟಿಯಲ್ಲಿ ಹಕ್ಕಿಗಳ ಕೂಗು ಕೇಳಿಸಿತು.

ಮೂರನೆಯ ಬೆಳಿಗ್ಗೆ ಅವರು ಚೊಂಬನ್ನು ನೋಡಿ ಕೈ ಅಡ್ಡ ಹಿಡಿದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ತಪ್ಪು ತಿಳೀಬ್ಯಾಡಿ," ಎಂದರು ಒಡಕು ದನಿಯಲ್ಲಿ. "ಈ ಮೋರಿಂದ್ಲೇ ನೆಗ್ಡಿ. ನಂಗೂ, ಮಾಪ್ಳೆಗೂ."

ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಕೋಪಿಸಿಕೊಳ್ಳಲಿಲ್ಲ. ರೋಗಿಯನ್ನು ನೋಡುವಂತೆ ಅವರನ್ನು ನೋಡಿದಳು.

"ತಂಬಿ, ನಿನ್ನ ಸೀಟ್ ಪಕ್ಕ ಏನೈತೆ?"

"ಇಂಜಿನ್."

"ಸೂಡಾಯ್ತದಾ?"

"ಆಗ್ದೆ ಇರ್ತದಾ ಅಕ್ಕಾ? ಕಾಲು ಬೇಯ್ತದೆ."

"ಕಲ್ಲು ಯಾವಾಗ ಬಂತು? ಜೀಪ್ ತಕ್ಕಳಾಕೆ ಮುಂಚೇನಾ, ಆಮ್ಯಾಲಾ?"

ಮಚ್ಚಾನ್ ಯೋಚಿಸಿದರು. ಅವರ ಮುಖದಲ್ಲಿ ಒಂದು ಬೆಳಕು ಮೂಡಿತು. ಆ ಚರಿತ್ರೆಗೆ ಅಲ್ಲಿಯವರೆಗೆ ಇಲ್ಲದಿದ್ದ ಕಾರಣವೊಂದು ಸಿಕ್ಕಿತ್ತು. "ಆಮ್ಯಾಲೆ," ಎಂದರು.

"ಪಾತ್ತಿಯಾ, ನೋಡ್ದಾ! ಮೋರು ಏನ್ ಮಾಡ್ತದೆ ಪಾಪ? ನಿನ್ನ ಜೀಪೇ ಒಂದು ಅಡುಗೆ ಒಲೆ." ಅಕ್ಕ ನನ್ನ ರಟ್ಟೆ ಹಿಡಿದು ಜೀಪಿನಿಂದ ಕೆಳಗಿಳಿಸಿದಳು. "ನನ್ನ ತಮ್ಮಂಗೂ ಕಲ್ಲು ಬರ್ಬೇಕಾ? ಲೇ, ಬೈಕ್ ತೆಗಿ. ಬೈಕಾದ್ರೆ ಗಾಳಿ ಬತ್ತದೆ, ತಂಪು."

ಹೆಂಡತಿ ತೀರ್ಪನ್ನು ಕೇಳಿ ಒಂದು ತಿದ್ದುಪಡಿ ಮಾತ್ರ ಸೂಚಿಸಿದಳು. "ಅತ್ಗೆ, ಬೈಕಲ್ಲೇ ತಂಪಾದ್ರೆ ಬೆಳಿಗ್ಗೆ ಮೋರು ಯಾಕೆ? ಮದ್ಯಾನ ಬಿಸ್ಲಲ್ಲಿ ಬತ್ತಾರಲ್ಲ, ಆಗ ಕೊಡಿ." ಅಕ್ಕ ಸ್ವಲ್ಪ ಯೋಚಿಸಿ, ಶಾಸ್ತ್ರಕ್ಕೆ ವಿರೋಧವಿಲ್ಲವೆಂದು ಒಪ್ಪಿದಳು.

ಅಕ್ಕ ಹೋದ ಮೇಲೆ ಹೆಂಡತಿಯನ್ನು ಕೇಳಿದೆ, "ನಿಂಗೆ ಮೊದ್ಲೇ ಗೊತ್ತಿತ್ತಾ, ನೆಗ್ಡಿ ಯಾತರಿಂದ ಅಂತ?"

"ಗೊತ್ತಿಲ್ದೆ ಏನು ಮಾಮಾ. ನೀವೇ ಹೇಳ್ತೀರಾ ಅಂತ ನೋಡ್ದೆ."

"ಹೇಳಿದ್ರೆ?"

"ಹೇಳಿದ್ರೆ ಅವತ್ತೇ ಅತ್ಗೆ ಊಟ ಬಿಡ್ತಿದ್ರು. ಜೀಪೇ ವಾಸಿ."

ಇದೆಲ್ಲ ಆಗಿ ಕೆಲವು ಮಾರ್ಗಳಿ ಕಳೆದಿವೆ. ಮನೆಗೆ ಒಂದು ಹೊಸ ವಸ್ತು ತಂದಾಗ ಅದರ ಅಳತೆಗಿಂತ ಮುಂಚೆ ಹೆಸರನ್ನು ಆರಿಸಬೇಕೆಂದು ಈಗ ನನಗೆ ತಿಳಿದಿದೆ. ಟೀ ಅಂಗಡಿಯಲ್ಲಿ ಯಾರಾದರೂ ಕೋಟಿನ ಬಗ್ಗೆ ಕೇಳಿದರೆ ಇದನ್ನೇ ಮೊದಲು ಹೇಳುತ್ತೇನೆ, ಆಮೇಲೆ ಬ್ಯಾಟರಿಯ ವಿಷಯ. ಅವರು ಬ್ಯಾಟರಿಯದನ್ನು ಮಾತ್ರ ನೆನಪಿಟ್ಟುಕೊಂಡು ಹೋಗುತ್ತಾರೆ.

ಇವತ್ತು ಬೈಕಿನಲ್ಲಿ ಬೋಡಿಮೆಟ್ಟಿಗೆ ಹೋಗಿ ಬಂದೆ. ನೆಗಡಿಯಾಗಿಲ್ಲ.